ಏನೂ ಉಗುಳದೆ ಓಡುವ ಎಂಜಿನ್ನು

ಒಂದೇ ಪಾಠವನ್ನು ವರ್ಷಗಟ್ಟಲೆ ಹೇಳುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಆ ಪಾಠವನ್ನು ತವರಿನಿಂದ ತಂದ ಆಸ್ತಿಯಂತೆ ಕಾಯತೊಡಗುತ್ತಾರೆ. ನಾನು ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪ್ರತಿ ಕ್ರಿಯೆಗೂ ಸಮನಾದ ಪ್ರತಿಕ್ರಿಯೆ ಇದೆ ಎಂಬ ನಿಯಮವನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಯಾರಾದರೂ ಅದನ್ನು ಅನುಮಾನಿಸಿದರೆ ನನ್ನ ಒಡಹುಟ್ಟಿದ ಅಣ್ಣನನ್ನೇ ಬೈದಷ್ಟು ಸಿಟ್ಟು ಬರುತ್ತದೆ. ಕಾಲೇಜಿನಲ್ಲಿ ಹಾಗೆ ಯಾರೂ ಅನುಮಾನಿಸುವುದಿಲ್ಲ, ಹುಡುಗರಿಗೆ ಪಾಸಾಗಬೇಕಲ್ಲ. ಅನುಮಾನ ಹುಟ್ಟಿದ್ದು ಮಾಳಮಡ್ಡಿಯ ನಮ್ಮ ಮನೆಯಲ್ಲಿ, ಊಟಕ್ಕೆ ಕೂತಿದ್ದಾಗ, ಕಟ್ಟಿಕೊಂಡ ಗಂಡನಿಗೆ.

ಗಂಡನದು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ. ಒಂದು ಚಿಟಿಕೆ ಹತ್ತಿಯನ್ನು ಬೆರಳಲ್ಲಿ ಎಳೆದು ನೋಡದೆ ಯಾರ ಮಾತನ್ನೂ ನಂಬದ ಮನುಷ್ಯ. ಮೊಬೈಲಿನಲ್ಲಿ ಬಂದದ್ದನ್ನು ಮಾತ್ರ ಎಳೆದು ನೋಡದೆಯೇ ನಂಬುತ್ತಾರೆ. ಅಂದು ರೊಟ್ಟಿ ಮುರಿಯುತ್ತಾ ಕೇಳಿದರು, "ರಾಕೆಟ್ಟಿನ ತೂಕದಾಗ ಹೆಚ್ಚಿನ ಪಾಲು ಅದು ಹಿಂದ ಉಗುಳೋ ಇಂಧನಾನ ಅಂತ. ಖರೇ ಏನು?"

"ಖರೇ ರೀ. ಹಿಂದಕ್ಕ ಏನರ ಒಗದ್ರನ ಅದು ಮುಂದಕ್ಕ ಹೋಗತೈತಿ."

"ಒಗಿಯೂದು ಮುಗದ ಮ್ಯಾಲ?"

"ಇದ್ದ ವೇಗದಾಗ ಹೊಂಟಿರತೈತಿ. ಜೋರ ಆಗಾಕ, ನಿಂದ್ರಾಕ ಏನೂ ಬರಂಗಿಲ್ಲ."

ಅವರು ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟರು. "ಹಿಂಗ ಉಗುಳಕೋತ ಹೋದ್ರ ನಮ್ಮ ಮಂದಿ ಯಾವ ನಕ್ಷತ್ರಾನೂ ಮುಟ್ಟೂದಿಲ್ಲಲ್ಲ" ಎಂದರು. ಆ ದನಿಯಲ್ಲಿದ್ದ ಬೇಸರ ನೋಡಿದರೆ ಯಾವುದೋ ನಕ್ಷತ್ರದಲ್ಲಿ ನಮಗೆ ಬೀಗರಿದ್ದಾರೆ ಅನ್ನಬೇಕು. ಆಮೇಲೆ ನಿಧಾನಕ್ಕೆ ವಿಷಯಕ್ಕೆ ಬಂದರು. ಏನನ್ನೂ ಉಗುಳದೆ ಓಡುವ ಎಂಜಿನ್ನನ್ನು ಎಲ್ಲೋ ಯಾರೋ ಮಾಡುತ್ತಿದ್ದಾರಂತೆ. ಕಾರಿನೊಳಗೆ ಕೂತು ಮುಂದಿನ ಗಾಜನ್ನು ಎಷ್ಟು ತಳ್ಳಿದರೂ ಕಾರು ಹೋಗುವುದಿಲ್ಲ, ಇದೂ ಹಾಗೆಯೇ ಎಂದೆ. ಅವರು ಒಪ್ಪಲಿಲ್ಲ. ಸಣ್ಣವರಿದ್ದಾಗ ನುಣ್ಣನೆ ನೆಲದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಕೂತು, ಕಾಲು ಊರದೆ ಬರೀ ಮೈ ಕುಲುಕಿ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿದ್ದರಂತೆ. "ಜೋರಿಂದ ಒಮ್ಮೆ, ಮೆಲ್ಲಕ ಒಮ್ಮೆ. ಅಷ್ಟ ಅದರ ಗುಟ್ಟು" ಎಂದರು. ನಾನು ಪಾಠ ಮಾಡುವ ಗತ್ತಿನಲ್ಲಿ, "ಹಂಗಾರ ಮಾಡಿ ತೋರಸ್ರಿ" ಅಂದುಬಿಟ್ಟೆ. ವ್ಯಾಪಾರಸ್ಥರ ಮುಂದೆ ಈ ಮಾತು ಆಡಬಾರದು.

ಕೆಲವೇ ದಿನಗಳಲ್ಲಿ ಅಟ್ಟದ ಮೇಲಿದ್ದ ಹಳೆಯ ಮಿಕ್ಸರ್ ಕಾಣೆಯಾಯಿತು. ಅದು ಹೋದದ್ದು ಹುಬ್ಬಳ್ಳಿ ಬೆಂಗೇರಿಯ ದಸ್ತಗೀರ್ ಅವರ ಮೋಟಾರು ರಿಪೇರಿ ಅಂಗಡಿಗೆ. ದಸ್ತಗೀರ್ ನನ್ನ ಗಂಡನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಗಂಡ ಏನು ಹೇಳಿದರೂ "ಆಗಲಿ ಸಾವಕಾರ್ರ" ಅನ್ನುವವರು, ನನ್ನನ್ನು ಅತ್ತಿಗೆಯೆಂದು ವೈನಿ ಅನ್ನುವವರು. ಹುಬ್ಬಳ್ಳಿಯವರು ಏನಾದರೊಂದು ಮಾಡುತ್ತಾರೆ, ಧಾರವಾಡದವರು ಅದರಲ್ಲಿ ತಪ್ಪು ಹುಡುಕುತ್ತಾರೆ ಎಂದು ನನ್ನ ಗಂಡ ಆಗಾಗ ಹೇಳುವುದುಂಟು. ಮನೆಯಲ್ಲಿ ಧಾರವಾಡ ಯಾರು ಎಂದು ನಾನು ಕೇಳುವುದಿಲ್ಲ.

ಒಂದು ಸಂಜೆ ಇಬ್ಬರೂ ಎಂಜಿನ್ನನ್ನು ತಂದು ಪಡಸಾಲೆಯ ನೆಲಕ್ಕಿಟ್ಟರು. ಊಟಕ್ಕೆ ಕೂರುವ ಮಣೆಯ ಮೇಲೆ ಮಿಕ್ಸರಿನ ಮೋಟಾರು, ಅದರ ಜೊತೆಗೆ ಎದುರುಬದುರು ತಿರುಗುವ ಎರಡು ಕಬ್ಬಿಣದ ಗುಂಡು. ಗುಂಡಿ ಒತ್ತಿದ್ದೇ ತಡ ಮಣೆ ಕಟಕಟನೆ ನಡುಗಿ, ಇಂಚಿಂಚಾಗಿ ಬಾಗಿಲ ಕಡೆ ನಡೆಯಿತು. ಗಾಲಿಯನ್ನು ಮೋಟಾರು ತಿರುಗಿಸುತ್ತಿರಲಿಲ್ಲ, ಮಣೆಗೆ ಗಾಲಿಯೇ ಇರಲಿಲ್ಲ. ಹಿಂದಕ್ಕೆ ಏನನ್ನೂ ಒಗೆಯುತ್ತಲೂ ಇರಲಿಲ್ಲ. ತೂಗುಮಂಚದಲ್ಲಿ ಕೂತಿದ್ದ ನಮ್ಮತ್ತೆ ಅದನ್ನು ಹೊಸ್ತಿಲ ತನಕ ನೋಡಿ, "ನಡೀತಲ್ಲವಾ. ನೀ ನಡಿಯಂಗಿಲ್ಲ ಅಂದಿದ್ದಿ" ಎಂದರು. ಸೊಸೆಯ ಓದಿನ ಬಗ್ಗೆ ಅವರಿಗೆ ಗೌರವವಿದೆ. ಆ ಗೌರವ ಅಂದು ಸ್ವಲ್ಪ ದಣಿದಂತೆ ಕಂಡಿತು.

ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಗಂಡ ರವಿವಾರ ಮಾರುಕಟ್ಟೆಯ ಗೆಳೆಯರನ್ನೆಲ್ಲ ಮನೆಗೆ ಕರೆದಿದ್ದರು. "ನಮ್ಮ ಮನಿಯಾಕಿ ಫಿಸಿಕ್ಸ್ ಕಲಸ್ತಾಳ, ಆಕೀನ ಖುದ್ದ ನೋಡಿ ಹೌದಂದಾಳ ಅಂತ ಹೇಳೇನಿ" ಎಂದರು. ಆ ಗೆಳೆಯರಲ್ಲಿ ಇಬ್ಬರ ಮಕ್ಕಳು ನನ್ನ ವಿದ್ಯಾರ್ಥಿಗಳು. ಹೌದೆಂದರೆ ಮರುದಿನ ಬೋರ್ಡಿನ ಮುಂದೆ ನಿಲ್ಲುವುದು ಹೇಗೆ? ಅಲ್ಲವೆಂದರೆ ಗಂಡನ ಮುಖ ನೋಡುವುದು ಹೇಗೆ? ಹತ್ತಿಯ ದರ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಅವರು ಇಷ್ಟು ಸಂತೋಷದಿಂದ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

"ಇದು ನೆಲಾನ ಹಿಡಕೊಂಡು ನಡ್ಯಾಕತ್ತೈತ್ರಿ" ಎಂದೆ. "ಮೆಲ್ಲಕ ಜಗ್ಗಿದಾಗ ನೆಲ ಹಿಡಕೋತೈತಿ, ಜೋರಿಂದ ಜಗ್ಗಿದಾಗ ಜಾರತೈತಿ. ನಿಮ್ಮ ಗೋಣಿಚೀಲಾನೂ ಹಂಗ. ಆಕಾಶದಾಗ ನೆಲ ಎಲ್ಲೈತಿ?"

ಅವರು ಮಣೆಯನ್ನು ನೆಲದಿಂದ ಎತ್ತಿ ಹಿಡಿದರು. "ನೆಲ ಇಲ್ದ ಹೆಂಗ ನೋಡೂದು?" ಎಂದರು. ನಾನು ತೂಗುಮಂಚ ತೋರಿಸಿದೆ. ಎಂಜಿನ್ನಿಗೆ ಖರೇ ದೂಡುವ ಶಕ್ತಿ ಇದ್ದರೆ ತೂಗುಮಂಚ ಒಂದು ಕಡೆ ವಾಲಿ ಹಾಗೇ ನಿಲ್ಲಬೇಕು. ಇಲ್ಲದಿದ್ದರೆ ಸುಮ್ಮನೆ ಅತ್ತಿತ್ತ ನಡುಗುತ್ತದೆ ಅಷ್ಟೆ. ಅತ್ತೆಯನ್ನು ಅಲ್ಲಿಂದ ಎಬ್ಬಿಸುವುದು ಇಡೀ ಪ್ರಯೋಗದ ಕಠಿಣ ಭಾಗವಾಗಿತ್ತು. ಅವರು ಕುರ್ಚಿಗೆ ಹೋದ ಮೇಲೆ ತೂಗುಮಂಚದ ನಡುವಿಗೆ ದಾರ ಕಟ್ಟಿ, ತುದಿಗೆ ನನ್ನ ಬೀಗದ ಕೈ ತೂಗುಬಿಟ್ಟು, ಅದರ ಕೆಳಗೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಗೆಳೆಯರಿಬ್ಬರೂ ಮೇಲೆ ಎಂಜಿನ್ನು ಕಟ್ಟಿ, ಅಡುಗೆಮನೆಯ ಗೋಡೆಯ ಪ್ಲಗ್ಗಿಗೆ ವಾಯರು ಸಿಕ್ಕಿಸಿದರು.

ತೂಗುಮಂಚ ನಡುಗಿತು, ಆಡಿತು. ಸ್ವಲ್ಪ ಹೊತ್ತಿಗೆ ದಾರ ಗುರುತನ್ನು ಬಿಟ್ಟು ಅಡುಗೆಮನೆಯ ಕಡೆಗೆ ಬೆರಳಗಲ ಸರಿದು, ಅಲ್ಲೇ ನಡುಗುತ್ತಾ ಉಳಿಯಿತು. ಎಂಜಿನ್ನಿನ ಮುಖವೂ ಅದೇ ಕಡೆಗಿತ್ತು. "ವೈನಿ, ಮುಂದ ಐತ್ರಿ" ಎಂದರು ದಸ್ತಗೀರ್, ದೇವರ ಮುಂದೆ ಮಾತಾಡುವಷ್ಟು ಸಣ್ಣ ದನಿಯಲ್ಲಿ. ಗಂಡ ನನ್ನ ಮುಖ ನೋಡಿದರು.

ನಾನು ಆಗ ಏನು ಯೋಚಿಸಬೇಕಿತ್ತೋ ಅದನ್ನು ಯೋಚಿಸಲಿಲ್ಲ. ನಿಯಮ ಸುಳ್ಳಾಗಲಿ ಎಂದುಕೊಂಡೆ. ನಮ್ಮ ಮಿಕ್ಸರಿನಿಂದಲೇ ಆಗಲಿ, ಈ ಬೆರಳಗಲ ಒಂದು ಖರೇ ಆದರೆ ಎಷ್ಟು ದೂರ ಹೋಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಆದರೆ ಹಾಳು ಅಭ್ಯಾಸ ಬಿಡಬೇಕಲ್ಲ. "ಎಂಜಿನ್ ತಿರುಗಿಸಿ ಕಟ್ರಿ" ಅಂದೆ. ಖರೇ ದೂಡುತ್ತಿದ್ದರೆ ದಾರ ಈಗ ಬಾಗಿಲ ಕಡೆಗೆ ವಾಲಬೇಕು. ತಿರುಗಿಸಿ ಕಟ್ಟಿದರು. ದಾರ ಮತ್ತೆ ಅಡುಗೆಮನೆಯ ಕಡೆಗೇ ವಾಲಿತು. ಆಗ ನನ್ನ ಕಣ್ಣಿಗೆ ವಾಯರು ಬಿತ್ತು. ಪ್ಲಗ್ಗು ದೂರವಾಗಿ, ಗಿಡ್ಡ ವಾಯರು ಬಿಗಿದು ತೂಗುಮಂಚವನ್ನು ತನ್ನ ಕಡೆ ಎಳೆದುಕೊಂಡಿತ್ತು. ಕಂಡದ್ದನ್ನು ನುಂಗಿಬಿಡಲೇ ಅನ್ನಿಸಿತು. ಆಮೇಲೆ ಹೇಳಿದೆ. ಉದ್ದದ ವಾಯರು ತಂದು, ಅದನ್ನು ತೂಗುಮಂಚದ ಸರಪಳಿಗೆ ಸುತ್ತಿ, ಸಡಿಲ ಬಿಟ್ಟು ಹಚ್ಚಿದರು. ಬೀಗದ ಕೈ ಗುರುತಿನ ನೆತ್ತಿಯ ಮೇಲೆಯೇ ಅತ್ತಿತ್ತ ನಡುಗತೊಡಗಿತು.

"ಅಂದ್ರ ಇಲ್ಲ" ಎಂದರು ಗಂಡ.

"ಇಲ್ರಿ."

ಗುಂಡಿ ಆರಿಸಿ, ಎಂಜಿನ್ನಿನ ಕಟ್ಟು ಬಿಚ್ಚತೊಡಗಿದರು. ಅತ್ತೆ ಕುರ್ಚಿಯಿಂದ, "ನೆಲದ ಮ್ಯಾಲ ಛಲೋ ನಡೀತಿತ್ತಪ್ಪ. ಅಲ್ಲೇ ಬಿಡಬೇಕಿತ್ತು" ಎಂದರು.

ರವಿವಾರ ಗೆಳೆಯರು ಬಂದೇ ಬಂದರು. ಬರಬೇಡಿರೆಂದು ಫೋನು ಮಾಡುತ್ತಾರೆ ಅಂದುಕೊಂಡಿದ್ದೆ, ಮಾಡಲಿಲ್ಲ. ಮೊದಲು ನೆಲದ ಮೇಲೆ ನಡೆಸಿ ತೋರಿಸಿ ಎಲ್ಲರ ಬಾಯಲ್ಲಿ ಭಲೇ ಅನ್ನಿಸಿಕೊಂಡರು. ಆಮೇಲೆ ತೂಗುಮಂಚಕ್ಕೆ ಕಟ್ಟಿ, ಅದು ಯಾಕೆ ಖರೇ ಅಲ್ಲ ಎಂದು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. "ತಿರುಗಿಸಿ ಕಟ್ಟೂದು ನಮ್ಮ ಮನಿಯಾಕಿ ವಿಚಾರ. ನನಗ ಹೊಳದಿದ್ದಿಲ್ಲ" ಎಂದಾಗ ನಾನು ಚಹದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಗೆಳೆಯರು ಅವಲಕ್ಕಿ ತಿಂದು, ಹತ್ತಿಯ ದರ ಮಾತಾಡಿ ಹೋದರು. ಗಂಡನ ಮನಸ್ಸು ಹಗುರಾಯಿತು. ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು, ಮತ್ತೆ ಆ ಮಾತು ಎತ್ತಲಿಲ್ಲ.

ಎತ್ತಿದ್ದು ನಾನು, ಅದೂ ಮನಸ್ಸಿನಲ್ಲೇ. ವಾಯರು ಸಡಿಲವಿದ್ದರೂ ವಾಯರೇ ಅಲ್ಲವೇ? ಅದರ ಭಾರ, ಅದರ ಸೆಟೆತ ಇದ್ದೇ ಇರುತ್ತದೆ. ಇನ್ನೂ ಸಣ್ಣದೊಂದು ದೂಡುವಿಕೆ ಇದ್ದು, ಅದನ್ನು ಇದು ಮುಚ್ಚಿಟ್ಟಿದ್ದರೆ? ಇಲ್ಲ ಎಂದು ನನಗೆ ಗೊತ್ತು. ನೂರಕ್ಕೆ ನೂರು ಗೊತ್ತು. ಮೊನ್ನೆ ಕಾಲೇಜು ಮುಗಿಸಿ ಮನೆಯ ದಾರಿ ಬಿಟ್ಟು ಹುಬ್ಬಳ್ಳಿ ಬಸ್ಸು ಹತ್ತಿದೆ. ಬೆಂಗೇರಿಯಲ್ಲಿ ಇಳಿದು ದಸ್ತಗೀರ್ ಅಂಗಡಿಗೆ ಹೋಗಿ, ವಾಯರಿಲ್ಲದೆ ಬ್ಯಾಟರಿಯಿಂದ ತಿರುಗುವ ಸಣ್ಣ ಮೋಟಾರು ಇದೆಯೇ ಎಂದು ಕೇಳಿದೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು.

"ಸಾವಕಾರ್ರು ಕಳಸ್ಯಾರೇನ್ರಿ ವೈನಿ?"

"ಹೂಂ ರೀ" ಎಂದೆ, "ಎಷ್ಟ್ ಹೇಳಿದ್ರೂ ಕೇಳಂಗಿಲ್ಲ ನೋಡ್ರಿ ಅವರು."