ಸರದಿ ಸಾಲಿನಲ್ಲಿ ಅಕ್ಷರರಾಯರು

ತಮ್ಮ ಅಕ್ಷರದ ಕೆಳಗೆ ನಿಂತರೆ ಕತ್ತೆಯೂ ಕುದುರೆಯಾಗಿ ಕಾಣುತ್ತದೆ ಎಂಬುದು ಅಕ್ಷರರಾಯರ ನಂಬಿಕೆ. ಅಚ್ಚಿಗೆ ಹೊಸ ಹೊಸ ಅಕ್ಷರರೂಪ ಬರೆಯುವುದು ಅವರ ಕಸುಬು. ಹೆಸರು ಬೀದಿಯವರು ಇಟ್ಟದ್ದು. ಈಚೆಗೆ ಬರೆದದ್ದಂತೂ ಅವರ ಕಣ್ಮಣಿ. ದಪ್ಪ ಗೆರೆ ಹೆಬ್ಬೆರಳಿನಷ್ಟು, ಅದರ ಪಕ್ಕದಲ್ಲೇ ಸಣ್ಣ ಗೆರೆ ಕೂದಲೆಳೆಯಷ್ಟು, ಗೆರೆ ಮುಗಿಯುವಲ್ಲೆಲ್ಲ ಚೂಪಾದ ಪುಟ್ಟ ಪಾದ, ಕೊನೆಯ ಅಕ್ಷರಕ್ಕೆ ಸುರುಳಿ ಬಾಲ. (ಆ ಬಾಲ ಬಳುಕಿಸುವಾಗ ಮನೆಯಲ್ಲಿ ಯಾರೂ ಸೀನುವಂತಿರಲಿಲ್ಲ.)

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ತೆರೆಯುತ್ತೇನೆಂದದ್ದೇ ತಡ, ಬೋರ್ಡು ತಮ್ಮದೇ ಎಂದು ರಾಯರು ಪಟ್ಟು ಹಿಡಿದರು.

"ರೀ, ಹರಿದ ಪ್ಯಾಂಟು ಹೊಲಿಯೋ ಅಂಗಡಿಗೆ ಇಷ್ಟು ಒಯ್ಯಾರ ಯಾಕ್ರೀ?"

"ದೊಡ್ಡದಾಗಿ ಒಂದೆರಡು ಮಾತು ಬರೆಯೋಕೆ ಅಂತಲೇ ಹುಟ್ಟಿದ ಅಕ್ಷರ ಕಣೇ ಇದು. ಪುಟಗಟ್ಟಲೆ ಓದೋಕಲ್ಲ, ನಿಂತು ನೋಡೋಕೆ!"

"ನೋಡಿದೋರು ಒಳಗೆ ಬರ್ತಾರಾ?"

"ಓಡಿ ಬರ್ತಾರೆ!"

ಕಪ್ಪು ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ 'ಹೊಲಿಗೆ ಮನೆ' ಮಿಂಚಿತು. ಜನ ನಿಂತರು, ನೋಡಿದರು, ಹೋದರು. ವಾರ ಕಳೆದರೂ ಹೊಲಿಗೆ ಯಂತ್ರ ಮಿಸುಕಲಿಲ್ಲ. ರಾಯರು ಮಾತ್ರ ದಿನಾ ರಸ್ತೆಯ ಆಚೆ ಬದಿ ನಿಂತು ಬೋರ್ಡನ್ನು ಕಣ್ತುಂಬಿಕೊಳ್ಳುತ್ತಿದ್ದರು. ಒಂದು ದಿನ ಪಕ್ಕದ ಬೀದಿಯ ಅಜ್ಜಿ ಕಂಕುಳಲ್ಲಿ ಪ್ಯಾಂಟು ಅವುಚಿಕೊಂಡು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಇದು ರಾಣೀರಿಗೆ ಹೊಲಿಯೋ ಅಂಗಡಿ ಅಲ್ವಾ ತಾಯಿ? ನಮ್ಮ ಯಜಮಾನರ ಪ್ಯಾಂಟು ಹಿಡ್ಕೊಂಡು ಒಳಗೆ ಬರೋಕೆ ಭಯ ಆಗುತ್ತೆ."

ಹೆಂಡತಿ ಪ್ಯಾಂಟು ತೆಗೆದುಕೊಂಡಳು, ಗಂಡನ ಕಡೆ ಒಂದು ನೋಟ ಎಸೆದಳು, ಸ್ಟೂಲು ಹತ್ತಿ ಬೋರ್ಡು ಇಳಿಸಿದಳು. ರಟ್ಟಿನ ಮೇಲೆ ಇದ್ದಿಲಿನಿಂದ 'ಹರಿದದ್ದು ತನ್ನಿ' ಎಂದು ಗೀಚಿ ತೂಗುಹಾಕಿದಳು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ರಾಯರು ದುಃಖಕ್ಕೆ ಊಟ ಬಿಟ್ಟರು. (ತಿಂಡಿ ಬಿಡಲಿಲ್ಲ.)

ಜನ ಹೆಚ್ಚಿದಂತೆ ನಂದು ಮೊದಲು, ನಂದು ಮೊದಲು ಎಂಬ ಜಗಳವೂ ಹೆಚ್ಚಿತು. ಹೆಂಡತಿ ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ಕೊನೆಗೆ ಅವಳೇ ಗಂಡನ ಮೇಜಿನ ಬಳಿ ಬಂದಳು.

"ರೀ, ನಿಮ್ಮ ಆ ರಾಜಠೀವಿ ಅಕ್ಷರದಲ್ಲಿ 'ಸರದಿ ಕಾಯಿರಿ' ಅಂತ ಬರೆದುಕೊಡ್ತೀರಾ? ನೋಡಿ ಭಯ ಪಡಲಿ!"

ಅದು ಗೋಡೆಗೇರಿತು, ಗದ್ದಲ ಅಡಗಿತು. ಜನ ಅರಮನೆಗೆ ಬಂದವರಂತೆ ಸಾಲಾಗಿ ನಿಂತರು.

"ನಿಮ್ಮ ಅಕ್ಷರಕ್ಕೆ ತಕ್ಕ ಕೆಲಸ ಸಿಕ್ತು ಬಿಡಿ. ನನಗೂ ಹೆಮ್ಮೆ ಆಗ್ತಿದೆ" ಎಂದಳು ಹೆಂಡತಿ. ರಾಯರು ಅಷ್ಟು ದಿನ ಬಿಟ್ಟ ಊಟವನ್ನೆಲ್ಲ ಬಡ್ಡಿ ಸಮೇತ ಉಂಡರು.

ಅದೇ ಅಕ್ಷರಕ್ಕಾಗಿ ಅಚ್ಚಿನವರ ಸಂಘ ರಾಯರಿಗೆ ಸನ್ಮಾನ ಇಟ್ಟುಕೊಂಡಿತು. ಹೊರಡುವ ಹೊತ್ತಿಗೆ ಬಾಗಿ ಶೂ ಕಟ್ಟುತ್ತಿದ್ದಾಗ ಪ್ಯಾಂಟಿನ ಹಿಂಭಾಗ ಪರ್ರೆಂದಿತು. ರಾಯರು ಸೊಂಟಕ್ಕೆ ಟವೆಲ್ ಸುತ್ತಿ, ಗಂಟು ಹಾಕಲು ತುದಿ ಎಟುಕದೆ ಎರಡೂ ಕೈಯಲ್ಲಿ ಹಿಡಿದು, ಪ್ಯಾಂಟನ್ನು ಹೆಗಲಿಗೇರಿಸಿ ಅಂಗಡಿಗೆ ನುಗ್ಗಿದರು.

"ಬೇಗ ಕಣೇ! ಸನ್ಮಾನಕ್ಕೆ ಹೊತ್ತಾಯ್ತು!"

ಅವಳು ತಲೆ ಎತ್ತದೆ ಗೋಡೆಯ ಕಡೆ ಬೆರಳು ತೋರಿಸಿದಳು. ರಾಯರು ಓದಿದರು. ಎಷ್ಟು ಚಂದ ಬರೆದಿದ್ದೇನೆ ಅನ್ನಿಸಿತು. ಹೋಗಿ ಸಾಲಿನ ಕೊನೆಗೆ ನಿಂತರು.

ಮುಂದೆ ಅದೇ ಅಜ್ಜಿ. "ಏನು ಗತ್ತು ಆ ಅಕ್ಷರಕ್ಕೆ! ಯಾರಪ್ಪಾ ಬರೆದ ಪುಣ್ಯಾತ್ಮ?"

"ನಾನೇ ಅಜ್ಜಿ, ನಾನೇ!" ರಾಯರು ಹೆಮ್ಮೆಯಿಂದ ಎರಡೂ ಕೈಯಲ್ಲಿ ಎದೆ ತಟ್ಟಿಕೊಂಡರು.

ಟವೆಲ್ ಹಿಡಿದಿದ್ದೂ ಅವೇ ಕೈಗಳೆಂದು ನೆನಪಾಗುವಷ್ಟರಲ್ಲಿ, ಆ ಅಂಗಡಿಯ ಶಿಸ್ತಿನ ಸಾಲು ಮೊದಲ ಸಲ ದಿಕ್ಕಾಪಾಲಾಗಿತ್ತು.