ಕನ್ನಡಿಯದೇ ತಪ್ಪಂತೆ!

ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಕನ್ನಡಿ ಅಂಗಡಿ. ಗಂಡ ಗಾಜು ಕತ್ತರಿಸುತ್ತಾನೆ, ನಾನು ಗಿರಾಕಿಗಳನ್ನು ಸಂಭಾಳಿಸುತ್ತೇನೆ. ಮುಖ ಅವರದು, ದೂರು ನಮ್ಮ ಮೇಲೆ. ಇಂಥದ್ದೇನಾದರೂ ನಡೆಯದ ವಾರ ನನಗೆ ಊಟವೇ ಸೇರುವುದಿಲ್ಲ.

ಅರ್ಧ ಸಾಹುಕಾರ

ನಂದೂರದ ದಾಲ್ ಮಿಲ್ ಸಾಹುಕಾರರೊಬ್ಬರು ಆಳೆತ್ತರದ ಕನ್ನಡಿ ಕೇಳಿದರು.

"ಅಷ್ಟು ದೊಡ್ಡದ್ಯಾಕ್ರೀ? ಸಪಾಟು ಕನ್ನಡಿ ನಿಮ್ಮ ಎತ್ತರದ ಅರ್ಧ ಇದ್ರ ಸಾಕು. ಸರಿಯಾದ ಜಾಗಾದಾಗ ಹಾಕಿದ್ರ ತಲಿಯಿಂದ ಕಾಲಿನ ತನಕ ಕಾಣ್ತೀರಿ" ಎಂದೆ.

"ನಾ ಏನು ಅರ್ಧ ಮನಷ್ಯಾ ಏನ್ರೀ?" ಎಂದು ಸಿಡುಕಿ ದೊಡ್ಡದನ್ನೇ ಒಯ್ದರು. ಕೆಲವೇ ದಿನಕ್ಕೆ ಮತ್ತೆ ಹಾಜರು.

"ಅಕ್ಕಾರ, ಕೆಳಗಿನ ಅರ್ಧ ಕೊಯ್ದು ಬಿಡ್ರಿ. ಅದು ನನಗ ಉಪಯೋಗಿಲ್ಲ. ನಮ್ಮ ನಾಯಿ ಅದರಾಗ ತನ್ನ ಮಾರಿ ನೋಡಿ ದಿನಾ ಬೊಗಳ್ತದ."

ಕೊಯ್ದು ಕೊಟ್ಟೆವು. ಈಗ ಆ ಕನ್ನಡಿ ಮುಂದೆ ಸಾಹುಕಾರರೊಬ್ಬರೇ ಗುರ್ ಅನ್ನುತ್ತಾರಂತೆ. ಅವರ ಹೆಂಡತಿಯೇ ಹೇಳಿದ್ದು.

ಕಳ್ಳರಿಗೆಂದು ಹಾಕಿದ್ದು

ಸೀರೆ ಅಂಗಡಿಯವರೊಬ್ಬರು ಮೂಲೆಗೆ ಹಾಕಲು ಉಬ್ಬು ಕನ್ನಡಿ ಒಯ್ದರು. ಅದರಲ್ಲಿ ಎಲ್ಲವೂ ಸಣ್ಣದಾಗಿ ಕಾಣುವುದರಿಂದ ಇಡೀ ಅಂಗಡಿಯೇ ಹಿಡಿಸುತ್ತದೆ. ಕಳ್ಳರ ಮೇಲೆ ಕಣ್ಣಿಡಲು ಅನುಕೂಲ. ಸ್ವಲ್ಪ ದಿನಕ್ಕೆ ಫೋನು ಬಂತು.

"ಹೆಣ್ಣುಮಕ್ಕಳು ದೊಡ್ಡ ಕನ್ನಡಿ ಬಿಟ್ಟು ಇದರ ಕೆಳಗೇ ಜಮಾಯಿಸ್ಯಾರ್ರೀ. ಇದರಾಗ ಸಣ್ಣ ಕಾಣ್ತೀವಿ ಅಂತಾರ."

"ಹಂಗಾದ್ರ ವಾಪಸ್ ಕಳಸ್ತೀರೇನು?"

"ಹುಚ್ಚೇನ್ರೀ? ಸೀರಿ ಭಾಳ ಹೋಗ್ಲಾಕತ್ತಾವ, ಇನ್ನೂ ಎರಡು ಕೊಡ್ರಿ! ಕಳ್ಳರು ಒಯ್ದರ ಒಯ್ಯಲಿ."

ಕಮಲಾಪುರದ ಚಾಂದ್

ಪಕ್ಕದ ಅತ್ತರ್ ಅಂಗಡಿಯವರ ಮಗನ ಮದುವೆ ಕಮಲಾಪುರದಲ್ಲಿ. ಮದುಮಗಳು ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಿಕಾಹ್ ಆದ ಮೇಲೆ ಅವರಲ್ಲಿ ಜಲ್ವಾ ಎಂಬ ಶಾಸ್ತ್ರ: ಪಕ್ಕಪಕ್ಕ ಕೂತ ಹೊಸ ಜೋಡಿಯ ಮುಂದೆ ಕನ್ನಡಿ ಹಿಡಿಯುತ್ತಾರೆ, ಅದರೊಳಗೆ ಒಬ್ಬರ ಮುಖ ಒಬ್ಬರು ನೋಡಬೇಕು. ಏನು ಕಾಣುತ್ತದೆ ಎಂದು ಕೇಳಿದರೆ ಮದುಮಗ "ಚಾಂದ್", ಅಂದರೆ ಚಂದ್ರ, ಅನ್ನಬೇಕು.

ಕನ್ನಡಿ ನಮ್ಮ ಉಡುಗೊರೆ. ಬೆಳ್ಳಿ ಬಣ್ಣದ ಚೌಕಟ್ಟು ಚೆಂದ ಇದೆ ಎಂದು ನನ್ನ ಗಂಡ ಒಳಗೇನಿದೆ ನೋಡದೆ ಬಣ್ಣದ ಕಾಗದದಲ್ಲಿ ಸುತ್ತಿಸಿದ್ದ. ಒಳಗಿದ್ದದ್ದು ದಾಡಿ ಮಾಡಿಕೊಳ್ಳುವವರಿಗೆ ಮುಖ ದೊಡ್ಡದು ಮಾಡಿ ತೋರಿಸುವ ತಗ್ಗು ಕನ್ನಡಿ!

ಮದುಮಗನ ಸೋದರತ್ತೆ, ಎಲ್ಲರ ಪಾಲಿಗೆ ಫುಪ್ಪು, ಕನ್ನಡಿಯನ್ನು ಮೊಳದಾಚೆ ಹಿಡಿದು, "ಏನ್ ಕಾಣ್ತದೋ?" ಎಂದಳು.

ಹುಡುಗ ನೋಡಿದ. ಕತ್ತು ಓರೆ ಮಾಡಿ ಮತ್ತೆ ನೋಡಿದ. ಸುಳ್ಳು ಹೇಳಿ ಗೊತ್ತಿಲ್ಲ ಪಾಪ. "ಉಲ್ಟಾ ಕಾಣ್ಲಾಕತ್ತಾಳ" ಎಂದುಬಿಟ್ಟ.

ಫುಪ್ಪು ಎದೆ ಹಿಡಿದುಕೊಂಡಳು. "ಯಾ ಅಲ್ಲಾ! ಇದು ಛಲೋ ಅಲ್ಲ. ಹುಡುಗಿನ್ನ ಇವತ್ತು ನಮ್ಮನಿಗಿ ಕರ್ಕೊಂಡು ಹೋಗೂದು ಬ್ಯಾಡ!"

ಮದುಮಗಳ ತಾಯಿಗೆ ಕಣ್ಣೀರು ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಗಂಡನನ್ನು ಹುಡುಕಿದರೆ ಅವನು ಬಿರಿಯಾನಿ ಪಂಕ್ತಿಯಲ್ಲಿದ್ದ.

ಆಗ ಮುಸುಕಿನೊಳಗಿಂದ ಟೀಚರ್ ದನಿ ಬಂತು. "ಫುಪ್ಪು, ತಗ್ಗು ಕನ್ನಡಿ ಹಂಗೇ ರೀ. ದೂರ ಇದ್ರ ಉಲ್ಟಾ, ಹತ್ತಿರ ಬಂದ್ರ ಸೀದಾ. ಇಬ್ಬರೂ ಕನ್ನಡಿ ಹತ್ತಿರ ಬಗ್ಗಬೇಕು."

ಬಗ್ಗಿದರು. ಒಂದು ಕೈಗನ್ನಡಿಗೆ ಎರಡು ಮುಖ ಹಿಡಿಸಬೇಕಲ್ಲ, ಕೆನ್ನೆಗೆ ಕೆನ್ನೆ ತಾಗಿತು. ಹೆಂಗಸರೆಲ್ಲ ಹೋ ಎಂದರು.

"ಈಗೇನ್ ಕಾಣ್ತದ?"

"ಚಾಂದ್, ಫುಪ್ಪು! ಇಷ್ಟು ದೊಡ್ಡ ಚಾಂದ್!"

ಫುಪ್ಪುವಿನ ಜೀವ ತಣ್ಣಗಾಯಿತು. ಕನ್ನಡಿ ಹಿಡಿದೂ ಹಿಡಿದೂ ಅವಳ ಕೈ ಸೋತಿತು, ಹುಡುಗ ಮಾತ್ರ ಅಲುಗಲಿಲ್ಲ. "ಸಾಕೋ, ಎಲ್ಲಾರೂ ನೋಡ್ಲಾಕತ್ತಾರ, ಹಿಂದ ಸರಿ!" ಎಂದು ಗದರಿದಳು.

"ಹೆಂಗ್ ಸರೀಲಿ ಫುಪ್ಪು? ಮತ್ತ ಉಲ್ಟಾ ಆಗ್ತಾಳ!"