ಸ್ಟಾಫ್ ರೂಮಿನ ರೆಗ್ಯುಲೇಟರ್ ದಿಗ್ವಿಜಯ

ಸ್ವಸ್ತಿ! ವೈಶಾಖದ ಚಂಡಮಾರ್ತಾಂಡನು ಘಟಪ್ರಭೆಯ ಇಕ್ಕೆಲದ ನೆಲವನ್ನು ರೊಟ್ಟಿಯ ಹಂಚಿನಂತೆ ಕಾಯಿಸುತ್ತಿದ್ದ ಆ ಉಗ್ರಕಾಲದಲ್ಲಿ, ಪದವಿ ಕಾಲೇಜೊಂದರ ರಾಜ್ಯಶಾಸ್ತ್ರ ವಿಭಾಗವೆಂಬ ಮೂರು ಮೇಜು ಒಂದು ಫ್ಯಾನಿನ ಭೂಮಂಡಲವನ್ನು ಆಳುತ್ತಿದ್ದವನು ವಾಸ್ತವವಾದವನಕಂಠೀರವ, ಬಲಸಮತೋಲನಧುರಂಧರ, ಇಪ್ಪತ್ತೊಂಬತ್ತು ವರ್ಷಗಳ ಅಧ್ಯಾಪನದಲ್ಲಿ ಯಾರನ್ನೂ ಪೂರ್ತಿ ನಂಬದ ಮಹಾನುಭಾವ ಪ್ರೊಫೆಸರ್ ಸಂಗನಬಸಪ್ಪ ಹಂಚಿನಾಳ. ಅವನ ಕಥೆ ಹೇಳುವಷ್ಟು ಉಸಿರು ಕೊಡು ತಾಯಿ ವಾಗ್ದೇವಿ, ಸೆಖೆ ಬಹಳವಿದೆ.

ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಯನ್ನು ಅಲ್ಲಿ ಮೂವರು ಹಂಚಿಕೊಂಡು ಕಲಿಸುತ್ತಿದ್ದರು. ತಲೆಯ ಮೇಲೆ ಯಜಮಾನನಿಲ್ಲದ ಈ ಲೋಕದಲ್ಲಿ ಪ್ರತಿ ರಾಷ್ಟ್ರವೂ ತನ್ನ ತೋಳನ್ನೇ ನಂಬಬೇಕೆಂಬ ವಾಸ್ತವವಾದ ಹಂಚಿನಾಳನ ಪಾಲು. ಒಪ್ಪಂದ, ಸಂಸ್ಥೆ, ವ್ಯಾಪಾರಗಳಿಂದ ರಾಷ್ಟ್ರಗಳು ಕೂಡಿ ಬಾಳಬಲ್ಲವೆಂಬ ಉದಾರವಾದ ಸಂಧಿಪತ್ರವಿಶಾರದೆ ಸುನಂದಾ ಗಲಗಲಿ ಮೇಡಮ್ಮಿನದು. ಬಲವಾಗಲಿ ವೈರವಾಗಲಿ ನಾವು ನಂಬಿದಷ್ಟೇ ನಿಜವೆಂಬ ರಚನಾವಾದ, ಯಾರಿಗೂ ಬೇಡವಾದದ್ದೆಲ್ಲ ಬೀಳುವ ಹಾಗೆ, ಅತಿಥಿ ಉಪನ್ಯಾಸಕ ಮೆಹಬೂಬ ಇನಾಮದಾರನಿಗೆ ಬಿದ್ದಿತ್ತು. ವಿದ್ಯಾರ್ಥಿಗಳು ಮೂರನ್ನೂ ಹೋಲಿಸಿ ಹತ್ತು ಅಂಕಕ್ಕೆ ಬರೆದು ಮರೆಯುತ್ತಿದ್ದರು. ಕಲಿಸಿದವರಿಗೆ ಆ ಭಾಗ್ಯವಿರಲಿಲ್ಲ.

ಮಹಾಸಮರಕ್ಕೆ ಕಾರಣವೇನೆಂದು ಕೇಳುತ್ತೀರಾ? ಫ್ಯಾನಿನ ರೆಗ್ಯುಲೇಟರ್. ಐದಕ್ಕಿಟ್ಟರೆ ಉತ್ತರಪತ್ರಿಕೆಗಳು ಹಾರುತ್ತವೆಂದು ಹಂಚಿನಾಳನ ದೂರು. ಎರಡಕ್ಕಿಟ್ಟರೆ ಜೀವವೇ ಹೋಗುತ್ತದೆಂದು ಮೇಡಮ್ಮಿನದು. ಆಕೆ ಮೊದಲು ಸಂಧಿಯನ್ನೇ ತಂದಳು: ಹನ್ನೊಂದರಿಂದ ಒಂದರವರೆಗೆ ಐದು, ಆಮೇಲೆ ಎರಡು, ಕೆಳಗೆ ಮೂವರ ಸಹಿ. ಸಹಿಯೇನೋ ಬಿತ್ತು. ಮುರಿದರೆ ಕೇಳುವವರಾರೆಂದು ನಮ್ಮ ವೀರ ಮರುದಿನ ಹನ್ನೆರಡಕ್ಕೇ ಎದ್ದು ಗುಂಡಿಯನ್ನು ಎರಡಕ್ಕೆ ತಿರುಗಿಸಿದ. ಆಕೆ ಕುರ್ಚಿಯನ್ನು ಸ್ವಿಚ್ ಬೋರ್ಡಿದ್ದ ಗೋಡೆಯತ್ತ ಎರಡು ಅಡಿ ಸರಿಸಿಕೊಂಡಳು. ಪಾಪ, ಗಾಳಿಗಾಗಿ ಸರಿಸಿದ್ದಳೋ ಏನೋ! ಈ ಮಹಾಶಯನಿಗೆ ಅದು ಗಡಿಯಲ್ಲಿ ಸೈನ್ಯ ಜಮಾಯಿಸಿದಂತೆ ಕಂಡು, ತನ್ನ ಮೇಜನ್ನೇ ದರದರನೆ ಎಳೆದು ತಂದು ಸ್ವಿಚ್ ಬೋರ್ಡಿಗೆ ಆನಿಸಿ ಕೂತ.

ಕೂತವನು ಸುಮ್ಮನಿದ್ದನೇ? ಆತ್ಮರಕ್ಷಣೆಯೇ ಪರಮಧರ್ಮವೆಂದೂ, ನಿಶ್ಶಸ್ತ್ರನ ಸದ್ಗುಣವನ್ನು ಚರಿತ್ರೆ ಓದುವುದೇ ಇಲ್ಲವೆಂದೂ, ಕಾಗದದ ಮೇಲಿನ ಸಹಿಯಿಂದ ಗಾಳಿ ಬೀಸಿದ್ದನ್ನು ಯಾರೂ ಕಂಡಿಲ್ಲವೆಂದೂ ದಿಗ್ದಂತಿಗಳು ಬೆಚ್ಚುವಂತೆ ಘರ್ಜಿಸಿದ. ಕೊಟ್ಟ ಮಾತನ್ನು ಮುರಿದವನೊಡನೆ ಮುಂದೆ ಯಾರು ತಾನೇ ಮಾತಾಡಿಯಾರೆಂದು ಆಕೆ ಪ್ರತಿಗರ್ಜಿಸಿದಳು. ನಡುವೆ ಮೆಹಬೂಬ, ಅದು ಬರೀ ಗುಂಡಿ, ಅದಕ್ಕೆ ಅರ್ಥ ಕೊಟ್ಟವರು ನಾವೇ ಎಂದು ಮೆಲ್ಲಗೆ ಬಾಯಿಬಿಟ್ಟ. ಆ ಒಂದು ಕ್ಷಣ ಇಬ್ಬರು ವೈರಿಗಳೂ ಒಂದಾಗಿ, ನಿನ್ನ ಸಿಲಬಸ್ ಮುಗಿಯಿತೇ ಎಂದು ಅವನನ್ನು ವಿಚಾರಿಸಿಕೊಂಡರು.

ಆಮೇಲೆ ಮೇಡಂ ತನ್ನ ಊಟದ ಡಬ್ಬಿ ಎತ್ತಿಕೊಂಡು ಲೈಬ್ರರಿಗೆ ನಡೆದಳು. ಅಯ್ಯೋ, ಸೋಲು ಆದದ್ದು ಅಲ್ಲೇ. ಹನ್ನೊಂದು ವರ್ಷ ಅವರಿಬ್ಬರ ಡಬ್ಬಿಗಳು ಒಂದೇ ಹಳೆಯ ಪೇಪರಿನ ಮೇಲೆ ಬಿಚ್ಚಿಕೊಂಡಿದ್ದವು. ಹೆಂಡತಿ ತೀರಿದ ಮೇಲೆ ಖಾನಾವಳಿಯ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದ ಹಂಚಿನಾಳನಿಗೆ, ಯಾರೊಡನಾದರೂ ಕೂತು ಉಣ್ಣುವ ಹೊತ್ತೆಂದರೆ ದಿನದಲ್ಲಿ ಅದೊಂದೇ. ಐದು ದಿನ ಅವನು ನಿಷ್ಕಂಟಕ ಚಕ್ರವರ್ತಿಯಾಗಿ, ಗುಂಡಿಯ ಮೇಲೆ ಎಡಗೈ ಇಟ್ಟುಕೊಂಡು, ಒಬ್ಬನೇ ಉಂಡ. ಅವನಿಗೆ ಬೇಜಾರಾಗಿತ್ತು, ಬಹಳ ಬೇಜಾರಾಗಿತ್ತು.

ಆರನೆಯ ದಿನ ಟ್ಯೂಬ್‌ಲೈಟ್ ಹಾಕಲು ಬಂದ ಎಲೆಕ್ಟ್ರೀಷಿಯನ್ ಯಮನೂರಪ್ಪ ಸ್ಟೂಲಿನ ಮೇಲಿಂದಲೇ ಕೇಳಿದ, ಅದನ್ಯಾಕೆ ಹಂಗೆ ಹಿಡಿದುಕೊಂಡಿದ್ದೀರೆಂದು. ರಾಜ್ಯಾಧಿಕಾರದ ಮರ್ಮವನ್ನು ಹಂಚಿನಾಳ ಸವಿಸ್ತಾರವಾಗಿ ನಿರೂಪಿಸಿದ.

“ಅದಕ್ಕ ವೈರ ಇಲ್ರಿ ಸರ,” ಎಂದ ಯಮನೂರಪ್ಪ. “ಆರು ವರ್ಷದ ಹಿಂದ ಸುಟ್ಟಿತ್ತು, ನಾನ ಫ್ಯಾನಿಗೆ ಡೈರೆಕ್ಟ್ ಲೈನ್ ಕೊಟ್ಟೇನಿ. ನೀವು ಎಷ್ಟಕ್ಕ ಇಟ್ರೂ ಫ್ಯಾನ್ ತಿರಗೂದು ಅಷ್ಟ.”

ಹಂಚಿನಾಳ ಗುಂಡಿಯನ್ನು ಒಂದರಿಂದ ಐದರವರೆಗೆ, ಐದರಿಂದ ಒಂದರವರೆಗೆ ತಿರುಗಿಸಿ ಮೇಲೆ ನೋಡಿದ. ಫ್ಯಾನು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೆಹಬೂಬ, ಪುಣ್ಯಾತ್ಮ, ಪುಸ್ತಕದಿಂದ ತಲೆಯೆತ್ತದೆ ಕೂತಿದ್ದ.

ಆಗ ಆ ಅಪ್ರತಿಹತಪರಾಕ್ರಮಿಯು ದೂತರನ್ನು ಕಳಿಸದೆ, ಷರತ್ತು ವಿಧಿಸದೆ, ವೈರಿಯ ಬೀಡಾದ ಲೈಬ್ರರಿಗೆ ತಾನೇ ಕಾಲ್ನಡಿಗೆಯಲ್ಲಿ ಹೋಗಿ ಆಕೆಯ ಮೇಜಿನ ಮುಂದೆ ನಿಂತ.

“ಮೇಡಂ, ಆ ಗುಂಡಿಗೆ ವೈರೇ ಇಲ್ಲಂತ್ರಿ. ನಾ ಗೆದ್ದದ್ದು ಏನೂ ಇಲ್ಲ. ಒಬ್ಬಾಂವ ಉಣ್ಣಾಕ ಆಗವಲ್ದು, ಬರ್ರಿ.”

ಆಕೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಡಬ್ಬಿಯ ಮುಚ್ಚಳ ಒತ್ತಿ ಎದ್ದು ಸ್ಟಾಫ್ ರೂಮಿಗೆ ಬಂದು ಸ್ವಿಚ್ ಬೋರ್ಡಿನ ಮುಂದೆ ನಿಂತಳು.

“ಹಂಗಿದ್ರ ಐದಕ್ಕ ಇಡ್ರಿ,” ಎಂದಳು.

ಹಂಚಿನಾಳ ಗುಂಡಿಯ ಮೇಲೆ ಕೈಯಿಟ್ಟ. “ಐದು ಜಾಸ್ತಿ ಆಗ್ತೈತ್ರಿ. ಮೂರು.”

ಕಾಲು ಗಂಟೆಯ ಘೋರ ಮಾತುಕತೆಯ ತರುವಾಯ ನಾಲ್ಕಕ್ಕೆ ಸಂಧಿಯಾಯಿತು. ಮೆಹಬೂಬ ಪೇಪರು ಹಾಸಿದ. ಮೂವರೂ ಕೂತು ರೊಟ್ಟಿ ಮುರಿದರು. ನಾಲ್ಕರ ಗಾಳಿಯೇ ಹಿತವಾಗಿದೆ ಎಂದು ಇಬ್ಬರೂ ಒಪ್ಪಿಕೊಂಡರು.